ಮಹ್ದಿಯಾದಿಂದ ಮಂಗಳೂರಿಗೆ ಬಂದವನು

ಟುನೀಷಿಯಾ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ?

ದಿನಾ ಸುದ್ದಿ ನೋಡುವವರಿಗೆ 2010ರ ಡಿಸೆಂಬರ್ 17 ನೆನಪಾಗಬಹುದು. ಸಿದಿ ಬೂಜಿದ್ ಎಂಬ ಊರಿನಲ್ಲಿ ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಿದ್ದ ಮೊಹಮ್ಮದ್ ಬುವಾಜಿಜಿ ಎಂಬ ಯುವಕ ಮೈಗೆ ಬೆಂಕಿ ಹಚ್ಚಿಕೊಂಡ. ತಿಂಗಳು ತುಂಬುವುದರೊಳಗೆ, 2011ರ ಜನವರಿ 14ರಂದು, 23 ವರ್ಷ ಗಟ್ಟಿಯಾಗಿ ಕುರ್ಚಿ ಹಿಡಿದು ಕೂತಿದ್ದ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದ. ಅರಬ್ ಕ್ರಾಂತಿ ಅಂತ ನಾವೆಲ್ಲ ವಾರಗಟ್ಟಲೆ ಚರ್ಚೆ ಮಾಡಿದ್ದು ಅಲ್ಲಿಂದ ಶುರುವಾದದ್ದು. ಕ್ಯಾಮೆರಾ ಬೇರೆ ದೇಶದ ಕಡೆ ತಿರುಗಿತು, ನಾವು ಟುನೀಷಿಯಾವನ್ನು ಮರೆತೆವು.

ಆದರೆ ನನ್ನ ಪ್ರಶ್ನೆ ಅದಲ್ಲ. ಟುನೀಷಿಯಾದ ಒಬ್ಬ ವ್ಯಾಪಾರಿ ನಮ್ಮ ಮಂಗಳೂರಿಗೆ ಬಂದು ಮನೆ ಮಾಡಿದ್ದ, ಇಲ್ಲಿ ಕಂಚಿನ ಕಾರ್ಖಾನೆ ನಡೆಸಿದ್ದ, ಇಲ್ಲಿಯ ಹೆಣ್ಣಿನ ಜೊತೆ ಸಂಸಾರ ಹೂಡಿದ್ದ, ಇಲ್ಲಿಂದ ಅಡಿಕೆ ಕಳಿಸಿ ಸಕ್ಕರೆ ತರಿಸಿಕೊಳ್ಳುತ್ತಿದ್ದ ಅಂದ್ರೆ ನಂಬ್ತೀರಾ? ಅದೂ ಇವತ್ತು ನಿನ್ನೆ ಅಲ್ಲ. ಪೋರ್ಚುಗೀಸರು ಬರುವುದಕ್ಕೆ ಮೂರೂವರೆ ಶತಮಾನ ಮೊದಲು, ವಿಜಯನಗರ ಹುಟ್ಟುವುದಕ್ಕೆ 200 ವರ್ಷ ಮೊದಲು.

ಇದು ಕಟ್ಟುಕಥೆ ಅಲ್ಲ ಮಾರಾಯ್ರೇ. ಕಾಗದ ಉಂಟು. ತಾರೀಕು ಸಮೇತ ಉಂಟು. 1132ರ ಅಕ್ಟೋಬರ್ 17, ಮಂಗಳೂರು.

ದುಬೈ ಆಯಿತು, ಸಿಂಗಾಪುರ ಆಯಿತು, ಬ್ಯಾಂಕಾಕ್ ಆಯಿತು, ಇನ್ನು ಎಲ್ಲಿಗೆ ಹೋಗೋಣ ಅಂತ ಕೇಳುವ ವೀಕ್ಷಕರಿಗೆ ನಾನು ಟುನೀಷಿಯಾ ಅನ್ನುತ್ತೇನೆ. ಯಾಕೆ ಅನ್ನುವುದನ್ನು ಈ ಒಬ್ಬ ಮನುಷ್ಯನ ಕಥೆಯ ಮೂಲಕವೇ ಹೇಳುತ್ತೇನೆ.

ಮೊದಲು ಆ ದೇಶ

ಆಫ್ರಿಕಾದ ಭೂಪಟ ತೆಗೆಯಿರಿ. ನೆತ್ತಿಯ ಮೇಲೆ, ಮೆಡಿಟರೇನಿಯನ್ ಸಮುದ್ರದೊಳಗೆ ಕೈಚಾಚಿದ ಹಾಗೆ ಕಾಣುವ ಸಣ್ಣ ದೇಶವೇ ಟುನೀಷಿಯಾ. ವಿಸ್ತೀರ್ಣ ಸುಮಾರು 1.63 ಲಕ್ಷ ಚದರ ಕಿಲೋಮೀಟರ್, ಅಂದ್ರೆ ನಮ್ಮ ಕರ್ನಾಟಕಕ್ಕಿಂತ ಚಿಕ್ಕದು. ಜನಸಂಖ್ಯೆ ಹೆಚ್ಚುಕಡಿಮೆ 1.2 ಕೋಟಿ. ಎದುರಿಗೇ ಇಟಲಿಯ ಸಿಸಿಲಿ ದ್ವೀಪ. ಬೆನ್ನ ಹಿಂದೆ ಸಹಾರಾ ಮರುಭೂಮಿ. ಉತ್ತರದಲ್ಲಿ ಗೋಧಿ ಗದ್ದೆ, ನಡುವೆ ಆಲಿವ್ ತೋಪು, ದಕ್ಷಿಣದಲ್ಲಿ ಖರ್ಜೂರದ ಮರ.

ಎದುರಿಗೆ ಕಡಲು ಇರುವ ಊರಿಗೆ ಒಂದು ಗುಣ ಇರುತ್ತದೆ. ಯಾರು ಬೇಕಾದರೂ ಬರುತ್ತಾರೆ. ಟುನೀಷಿಯಾಕ್ಕೂ ಎಲ್ಲರೂ ಬಂದರು. ಈಗಿನ ಲೆಬನಾನ್ ಕಡೆಯಿಂದ ಹಡಗೇರಿ ಬಂದ ಫಿನೀಷಿಯನ್ನರು ಕ್ರಿ.ಪೂ. 814ರಲ್ಲಿ ಕಾರ್ಥೇಜ್ ನಗರ ಕಟ್ಟಿದರು ಅಂತ ಪ್ರತೀತಿ. ಕಟ್ಟಿಸಿದವಳು ಎಲಿಸ್ಸಾ ಎಂಬ ರಾಣಿ. ಒಂದು ಎತ್ತಿನ ಚರ್ಮ ಎಷ್ಟು ಜಾಗ ಮುಚ್ಚುತ್ತದೋ ಅಷ್ಟು ನೆಲ ಕೊಡಿ ಅಂತ ಸ್ಥಳೀಯ ದೊರೆಯನ್ನು ಕೇಳಿದಳಂತೆ. ಅವನು ಹೂಂ ಅಂದ. ಇವಳು ಆ ಚರ್ಮವನ್ನು ದಾರದಷ್ಟು ಸಣ್ಣ ಸೀಳು ಮಾಡಿ, ಒಂದಕ್ಕೊಂದು ಗಂಟು ಹಾಕಿ, ಇಡೀ ಗುಡ್ಡವನ್ನೇ ಸುತ್ತಿಬಿಟ್ಟಳು! ವಾಮನ ಮೂರು ಹೆಜ್ಜೆ ಕೇಳಿದ ಕಥೆ ಗೊತ್ತಿರುವ ನಮಗೆ ಇದು ಅರ್ಥ ಆಗದೇ ಇರುತ್ತಾ?

ಆ ಕಾರ್ಥೇಜಿನ ಹನಿಬಾಲ್ ಕ್ರಿ.ಪೂ. 218ರಲ್ಲಿ ಆನೆಗಳನ್ನು ಕಟ್ಟಿಕೊಂಡು ಆಲ್ಪ್ಸ್ ಪರ್ವತ ದಾಟಿ ರೋಮನ್ನರ ನಿದ್ದೆ ಕೆಡಿಸಿದ. ರೋಮ್ ಅದನ್ನು ಮರೆಯಲಿಲ್ಲ. ಕ್ರಿ.ಪೂ. 146ರಲ್ಲಿ ಕಾರ್ಥೇಜನ್ನು ಸುಟ್ಟು ನೆಲಸಮ ಮಾಡಿತು. ಆಮೇಲೆ ಅದೇ ಜಾಗವನ್ನು ತನ್ನ ಪ್ರಾಂತ್ಯ ಮಾಡಿಕೊಂಡು ಅದಕ್ಕೆ 'ಆಫ್ರಿಕಾ' ಅಂತ ಹೆಸರಿಟ್ಟಿತು. ಈ ಸಣ್ಣ ಪ್ರಾಂತ್ಯದ ಹೆಸರೇ ಬೆಳೆದು ಬೆಳೆದು ಇಡೀ ಖಂಡದ ಹೆಸರಾಯಿತು.

ರೋಮನ್ನರ ನಂತರ ವ್ಯಾಂಡಲರು, ಬೈಜಾಂಟಿಯನ್ನರು. ಆಮೇಲೆ ಅರಬ್ಬರು ಬಂದು 670ರಲ್ಲಿ ಕೈರವಾನ್ ನಗರ ಕಟ್ಟಿದರು. 1574ರಿಂದ ಆಟೋಮನ್ ತುರ್ಕರು, 1881ರಿಂದ ಫ್ರೆಂಚರು. 1956ರ ಮಾರ್ಚ್ 20ಕ್ಕೆ ಸ್ವಾತಂತ್ರ್ಯ. ಅದೇ ವರ್ಷ ಆಗಸ್ಟ್‌ನಲ್ಲಿ ಹಬೀಬ್ ಬುರ್ಗಿಬಾ ಸರ್ಕಾರ ಬಹುಪತ್ನಿತ್ವ ನಿಷೇಧಿಸುವ ಕಾನೂನು ತಂದಿತು. ಮುಸ್ಲಿಂ ಬಹುಸಂಖ್ಯಾತ ದೇಶವೊಂದರಲ್ಲಿ 1956ರಲ್ಲೇ ಇದು ಆಗಿದೆ ಅನ್ನುವುದನ್ನು ನಮ್ಮ ಸ್ಟುಡಿಯೋದಲ್ಲಿ ಕೂತು ಜಗಳ ಆಡುವವರೂ ತಿಳಿದಿರಲಿ. ಇಷ್ಟು ಸಾಕು. ನಮಗೆ ಬೇಕಾದ ಊರು ಬೇರೆ ಉಂಟು.

ಸಮುದ್ರಕ್ಕೆ ಚಾಚಿದ ಊರು

ಆ ಊರಿನ ಹೆಸರು ಮಹ್ದಿಯಾ. ರಾಜಧಾನಿ ಟುನಿಸ್‌ನಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್. ನಾಲಿಗೆಯಂತೆ ಕಡಲಿಗೆ ಚಾಚಿಕೊಂಡ ಒಂದು ಭೂಶಿರ. ಫಾತಿಮಿ ವಂಶದ ಮೊದಲ ಖಲೀಫ ಅಬ್ದುಲ್ಲಾ ಅಲ್ ಮಹ್ದಿ 10ನೇ ಶತಮಾನದ ಆರಂಭದಲ್ಲಿ ಇದನ್ನು ಕೋಟೆ ಸಮೇತ ಕಟ್ಟಿಸಿ ರಾಜಧಾನಿ ಮಾಡಿಕೊಂಡ. ಅವನ ವಂಶದವರೇ ಮುಂದೆ ಈಜಿಪ್ಟ್ ಗೆದ್ದು 969ರಲ್ಲಿ ಕೈರೋ ನಗರ ಕಟ್ಟಿದರು. ಅರಸರು ಹೋದ ದಾರಿಯಲ್ಲೇ ವ್ಯಾಪಾರಿಗಳೂ ಹೋದರು.

ಅಬ್ರಹಾಂ ಬೆನ್ ಯಿಜು ಹುಟ್ಟಿದ್ದು ಈ ಮಹ್ದಿಯಾದಲ್ಲಿ, 1100ರ ಆಸುಪಾಸು. ಯಹೂದಿ ಕುಟುಂಬ. ತಂದೆ ಪೆರಹ್ಯಾ ಧರ್ಮಗ್ರಂಥ ಬಲ್ಲ ಪಂಡಿತ. ಯೂಸುಫ್, ಮುಬಶ್ಶಿರ್ ಅಂತ ಇಬ್ಬರು ಸೋದರರು, ಬೆರಾಖಾ ಅಂತ ಒಬ್ಬ ಸೋದರಿ. ಮನೆಮಾತು ಅರಬ್ಬಿ. ಆದರೆ ಅದನ್ನು ಬರೆಯುತ್ತಿದ್ದದ್ದು ಹೀಬ್ರೂ ಅಕ್ಷರದಲ್ಲಿ. ನಮ್ಮಲ್ಲಿ ತುಳುವನ್ನೂ ಕೊಂಕಣಿಯನ್ನೂ ಕನ್ನಡ ಅಕ್ಷರದಲ್ಲಿ ಬರೆಯುವುದಿಲ್ಲವೇ, ಹಾಗೆ.

ಆ ಕಾಲಕ್ಕೆ ಅವನ ಊರಿನ ಸ್ಥಿತಿ ಚೆನ್ನಾಗಿರಲಿಲ್ಲ. ಕೈರವಾನ್ 1057ರಲ್ಲಿ ಲೂಟಿಯಾಗಿತ್ತು. 1087ರಲ್ಲಿ ಪೀಸಾ, ಜಿನೋವಾದ ಹಡಗುಗಳು ಮಹ್ದಿಯಾ ಮೇಲೆ ಬಿದ್ದಿದ್ದವು. ಊರಲ್ಲಿ ಭವಿಷ್ಯ ಇಲ್ಲ ಅಂತ ಕಂಡ ಹುಡುಗರು ಏನು ಮಾಡುತ್ತಾರೆ? ಕರಾವಳಿಯವರಿಗೆ ನಾನು ಹೇಳಬೇಕಾ? ಬೊಂಬಾಯಿಗೆ ಹೋಟೆಲಿಗೆ ಹೋದ ಹಾಗೆ, ಗಲ್ಫಿಗೆ ಹೋದ ಹಾಗೆ ಹೊರಡುತ್ತಾರೆ. ಬೆನ್ ಯಿಜು ಮೊದಲು ಈಜಿಪ್ಟ್‌ಗೆ ಹೋದ, ಅಲ್ಲಿಂದ ಕೆಂಪು ಸಮುದ್ರದ ಬಾಯಿಯಲ್ಲಿರುವ ಏಡನ್ ಬಂದರಿಗೆ ಬಂದ. ಅಲ್ಲಿ ಮದ್ಮೂನ್ ಎಂಬ ದೊಡ್ಡ ವ್ಯಾಪಾರಿ ಅವನಿಗೆ ಗುರುವಾದ, ಬೆನ್ನಿಗೆ ನಿಂತ. ಮುಂದಿನ ಹಡಗು ಹತ್ತಿದ್ದು ನಮ್ಮ ಕಡೆಗೆ.

ಗಾಳಿಯೇ ಆ ಕಾಲದ ಟೈಂಟೇಬಲ್. ಮಳೆಗಾಲದ ಅಬ್ಬರ ಇಳಿಯುವ ಹೊತ್ತಿಗೆ ಏಡನ್‌ನಿಂದ ಹೊರಟ ಹಡಗು ಮಲಬಾರ್ ತೀರ ಮುಟ್ಟುತ್ತಿತ್ತು. ಗಾಳಿ ತಿರುಗಿದ ಮೇಲೆ ವಾಪಸ್ ಹೋಗುತ್ತಿತ್ತು. ಒಂದು ಪತ್ರ ಬರೆದು ಉತ್ತರಕ್ಕೆ ಕಾಯಬೇಕೆಂದರೆ ಒಂದು ವರ್ಷ ಕಾಯಬೇಕು.

ಕಾಗದ ಉಳಿದದ್ದು ಹೇಗೆ?

900 ವರ್ಷದ ಹಿಂದಿನ ಒಬ್ಬ ಸಾಮಾನ್ಯ ವ್ಯಾಪಾರಿಯ ಕಥೆ ಇಷ್ಟು ವಿವರವಾಗಿ ನಮಗೆ ಗೊತ್ತಾದದ್ದು ಹೇಗೆ? ಅವನು ರಾಜ ಅಲ್ಲ, ಶಾಸನ ಕೆತ್ತಿಸಿದವನಲ್ಲ.

ಹಳೆ ಕೈರೋದಲ್ಲಿ ಬೆನ್ ಎಜ್ರಾ ಎಂಬ ಯಹೂದಿ ಪ್ರಾರ್ಥನಾ ಮಂದಿರ ಇದೆ. ದೇವರ ಹೆಸರು ಬರೆದ ಕಾಗದವನ್ನು ಬಿಸಾಡಬಾರದು ಅನ್ನುವುದು ಅವರ ನಂಬಿಕೆ. ಮನೆಯಲ್ಲಿ ಹರಿದ ಪಂಚಾಂಗವನ್ನು ಕಸದ ಬುಟ್ಟಿಗೆ ಹಾಕಲು ನಮ್ಮ ಅಜ್ಜಿಯಂದಿರು ಒಪ್ಪುತ್ತಿದ್ದರಾ? ಹಾಗೆಯೇ. ಅವರು ಎಲ್ಲ ಹಳೆ ಕಾಗದವನ್ನೂ ಮಂದಿರದ ಒಂದು ಕೋಣೆಗೆ ಹಾಕುತ್ತಾ ಬಂದರು. ಆ ಕೋಣೆಗೆ 'ಗೆನಿಜಾ' ಅಂತ ಹೆಸರು. ಶತಮಾನಗಟ್ಟಲೆ ಲೆಕ್ಕಪತ್ರ, ಮದುವೆ ಒಪ್ಪಂದ, ಸಾಲದ ಚೀಟಿ, ಜಗಳದ ಪತ್ರ ಎಲ್ಲವೂ ಅದರೊಳಗೆ ಬಿದ್ದವು. ಕೈರೋದಲ್ಲಿ ಮಳೆ ಅಪರೂಪ, ಹಾಗಾಗಿ ಕಾಗದ ಕೊಳೆಯಲಿಲ್ಲ. ನಮ್ಮ ಕರಾವಳಿಯ ಮಳೆಗೆ, ಗೆದ್ದಲಿಗೆ ಸಿಕ್ಕಿದ್ದರೆ ಒಂದು ಚೂರೂ ಉಳಿಯುತ್ತಿರಲಿಲ್ಲ.

1896-97ರಲ್ಲಿ ಸಾಲಮನ್ ಶೆಕ್ಟರ್ ಎಂಬ ವಿದ್ವಾಂಸ ಅದರ ಬಹುಪಾಲನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದ. ಅಲ್ಲಿ ಇರುವ ತುಣುಕುಗಳೇ ಎರಡು ಲಕ್ಷದ ಹತ್ತಿರ. ಎಸ್. ಡಿ. ಗೊಯ್ಟೈನ್ ಎಂಬ ಇತಿಹಾಸಕಾರ ಅವುಗಳಲ್ಲಿ ಭಾರತದ ವ್ಯಾಪಾರಿಗಳ ಪತ್ರಗಳನ್ನು ಹುಡುಕಿ ಓದಲು ದಶಕಗಳನ್ನೇ ಸವೆಸಿದ. ಅಮಿತಾವ್ ಘೋಷ್ ಅದೇ ಜಾಡು ಹಿಡಿದು ಮಂಗಳೂರಿಗೂ ಬಂದರು. 1992ರಲ್ಲಿ ಬಂದ ಅವರ 'ಇನ್ ಆನ್ ಆಂಟಿಕ್ ಲ್ಯಾಂಡ್' ಪುಸ್ತಕ ಬೆನ್ ಯಿಜುವನ್ನು ಜಗತ್ತಿಗೆ ಪರಿಚಯ ಮಾಡಿತು.

ಬೆನ್ ಯಿಜುವಿನ ಮಂಗಳೂರು

ಅವನು ಬಂದಾಗ ಇಲ್ಲಿ ಆಳುಪರ ಆಳ್ವಿಕೆ. ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ವಿಗ್ರಹ ನೋಡಿದ್ದೀರಲ್ಲ? ಆಳುಪ ಅರಸ ಕುಂದವರ್ಮ ಅದನ್ನು ಪ್ರತಿಷ್ಠೆ ಮಾಡಿದ್ದು 968ರಲ್ಲಿ. ಅಂದ್ರೆ ಬೆನ್ ಯಿಜು ದಡಕ್ಕೆ ಇಳಿಯುವ ಹೊತ್ತಿಗೆ ಆ ವಿಗ್ರಹಕ್ಕೆ 160 ವರ್ಷ ದಾಟಿತ್ತು.

ಅವನ ಮುಖ್ಯ ಉದ್ಯಮವೂ ಕಂಚೇ! ಏಡನ್‌ನಿಂದ ತಾಮ್ರ, ಸೀಸ, ಒಡೆದ ಹಳೆಯ ಪಾತ್ರೆಗಳು ಹಡಗಿನಲ್ಲಿ ಬರುತ್ತಿದ್ದವು. ಜೊತೆಗೆ ಪತ್ರ: ದೀಪ ಇಂಥ ಆಕಾರದಲ್ಲಿರಲಿ, ಹೂಜಿ ಇಷ್ಟು ತೂಕ ಇರಲಿ. ಇಲ್ಲಿ ಕರಗಿಸಿ, ಎರಕ ಹೊಯ್ದು, ಹೊಸ ಸಾಮಾನು ಮಾಡಿ ಕಳಿಸಬೇಕು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಔಟ್‌ಸೋರ್ಸಿಂಗ್. ಗುಜರಿ ಅಲ್ಲಿಂದ, ಕೈಕೆಲಸ ಮಂಗಳೂರಿನದ್ದು, ಗಿರಾಕಿ ಮತ್ತೆ ಅಲ್ಲಿ.

ಇನ್ನೇನು ಕಳಿಸುತ್ತಿದ್ದ? ಒಳ್ಳೆಮೆಣಸು, ಏಲಕ್ಕಿ, ಕಬ್ಬಿಣ, ಮತ್ತೆ ಅಡಿಕೆ. ಹೌದು ಸ್ವಾಮಿ, ನಮ್ಮ ಅಡಿಕೆ. ಅಡಿಕೆ ಬೆಳೆಗಾರರ ಮನೆಯಲ್ಲಿ ರೇಟಿನ ಚರ್ಚೆ ಇಂದು ನಿನ್ನೆಯದಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಅವನಿಗಾಗಿ ಬರುತ್ತಿದ್ದ ಸಾಮಾನು ಇನ್ನೂ ಮಜಾ. ಸಕ್ಕರೆ, ಒಣದ್ರಾಕ್ಷಿ, ಸಾಬೂನು, ಚಾಪೆ. ಎಲ್ಲಕ್ಕಿಂತ ಮುಖ್ಯವಾಗಿ ಬರೆಯುವ ಕಾಗದ. ಇಲ್ಲಿ ಓಲೆಗರಿ ಬಳಕೆ, ಅವನಿಗೆ ಕಾಗದವೇ ಬೇಕು. ಬಂದ ಪತ್ರದ ಬೆನ್ನಲ್ಲೇ, ಅಂಚಿನಲ್ಲೇ ಲೆಕ್ಕ ಬರೆದುಕೊಳ್ಳುತ್ತಿದ್ದ. ಜಿಪುಣತನವೋ, ಕಾಗದದ ಬೆಲೆಯೋ, ಅಂತೂ ಒಂದು ಹಾಳೆಯಲ್ಲಿ ಎರಡು ಇತಿಹಾಸ ಉಳಿಯಿತು.

ವ್ಯಾಪಾರ ಅಂದಮೇಲೆ ಕೈಕೊಡುವವರೂ ಇರಬೇಕಲ್ಲ. ಇಲ್ಲಿನ ಒಬ್ಬ ಕಾರ್ದಾರ ಏಲಕ್ಕಿ ಕೊಡುತ್ತೇನೆಂದು ಮುಂಗಡ ಪಡೆದು ಸತಾಯಿಸಿದ. ಆ ಬಾಕಿಯ ತಕರಾರು ಏಡನ್‌ನ ಪತ್ರಗಳ ತನಕ ಹೋಯಿತು. 17 ವರ್ಷದ ಈ ಅವಧಿಯಲ್ಲಿ, ಅಂದರೆ 1132ರಿಂದ 1149ರ ನಡುವೆ, ಅವನು ಒಮ್ಮೆ ಏಡನ್ ಕಡೆ ಹೋಗಿ ಕೆಲ ವರ್ಷ ಇದ್ದು ಬಂದನೆಂದು ವಿದ್ವಾಂಸರ ಲೆಕ್ಕ. ಆದರೂ ಮರಳಿ ಬಂದದ್ದು ಈ ತೀರಕ್ಕೇ.

ಆಶು ಮತ್ತು ಬೊಮ್ಮ

ಈಗ ಆ ತಾರೀಕಿಗೆ ಬರೋಣ. 1132ರ ಅಕ್ಟೋಬರ್ 17. ಆ ದಿನ ಬೆನ್ ಯಿಜು ಮಂಗಳೂರಿನಲ್ಲಿ ಒಂದು ಪತ್ರ ಬರೆಸಿದ. ಆಶು ಎಂಬ ದಾಸಿಯನ್ನು ತಾನು ಬಿಡುಗಡೆ ಮಾಡಿದ್ದೇನೆ, ಇನ್ನು ಅವಳು ಸ್ವತಂತ್ರಳು ಎಂಬ ಪತ್ರ. ಆ ಕಾಗದ ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಆಮೇಲೆ ಅವಳೇ ಅವನ ಮಕ್ಕಳ ತಾಯಿಯಾದಳು. ಮಗನ ಹೆಸರು ಸುರೂರ್, ಮಗಳು ಸಿತ್ ಅಲ್ ದಾರ್. ಅವನ ಲೆಕ್ಕದ ಚೀಟಿಯಲ್ಲಿ ಭಾವಮೈದನಿಗೆ ಸಲ್ಲಬೇಕಾದ ಹಣದ ಉಲ್ಲೇಖ ಇದೆ, ಆ ಭಾವಮೈದನ ಹೆಸರು 'ನಾಯರ್'. ಹಾಗಾಗಿ ಆಶು ನಾಯರ್ ಕುಟುಂಬದವಳಿರಬೇಕು ಅಂತ ಊಹೆ.

ಇದನ್ನು ಸಪ್ತಸಾಗರದಾಚೆಯ ಪ್ರೇಮಕಥೆ ಅಂತ ಹೇಳಿ, ಹಿಂದೆ ಒಂದು ಹಾಡು ಹಾಕಿ, ಟಿಆರ್‌ಪಿ ತೆಗೆಯುವುದು ಸುಲಭ. ನಾನು ಹಾಗೆ ಹೇಳುವುದಿಲ್ಲ. ಅವಳು ದಾಸಿ. ಕೊಂಡುಕೊಳ್ಳಲ್ಪಟ್ಟವಳು. ಅವಳ ಬಿಡುಗಡೆ ಪತ್ರವೂ ಅವಳು ಬರೆದದ್ದಲ್ಲ. ಆ ಮನೆಯಲ್ಲಿ ಅವಳು ಸುಖವಾಗಿದ್ದಳಾ, ಅವಳಿಗೆ ಅವನು ಬೇಕಾಗಿದ್ದನಾ ಅಂತ ಹೇಳುವ ಒಂದು ಅಕ್ಷರ ಇಲ್ಲ. ಅವನು ಕಳಿಸಿದ ಅಡಿಕೆಯ ಲೆಕ್ಕ ಸಿಗುತ್ತದೆ, ತರಿಸಿದ ಸಕ್ಕರೆಯ ಲೆಕ್ಕ ಸಿಗುತ್ತದೆ, ಆಶುವಿನ ಮಾತು ಒಂದೂ ಸಿಗುವುದಿಲ್ಲ.

ಇನ್ನೊಬ್ಬ ಇದ್ದಾನೆ. ಅವನೂ ದಾಸನೇ. ಬೆನ್ ಯಿಜುವಿನ ಸರಕು ತೆಗೆದುಕೊಂಡು ಏಡನ್‌ಗೆ ಹೋಗಿ ವ್ಯಾಪಾರ ಮುಗಿಸಿ ಬರುತ್ತಿದ್ದ ಏಜೆಂಟ್. ಅಲ್ಲಿ ಸ್ವಲ್ಪ ಕುಡಿದು ದುಡ್ಡು ಹಾರಿಸಿದ ದೂರೂ ಉಂಟು! ಆದರೆ ವರ್ಷ ಕಳೆದ ಹಾಗೆ ಏಡನ್‌ನ ಸಾಹುಕಾರರು ತಮ್ಮ ಪತ್ರಗಳಲ್ಲಿ ಅವನಿಗೂ ಪ್ರತ್ಯೇಕವಾಗಿ ಸಲಾಂ ಹೇಳತೊಡಗಿದರು, ಹೆಸರಿನ ಹಿಂದೆ 'ಶೇಖ್' ಅಂತ ಗೌರವದ ಮಾತು ಸೇರಿಸಿದರು. ಹೀಬ್ರೂ ಅಕ್ಷರದಲ್ಲಿ ಸ್ವರ ಬರೆಯುವುದಿಲ್ಲವಾದ್ದರಿಂದ ಆ ಹೆಸರು ಬರೇ 'ಬ-ಮ' ಎಂಬ ವ್ಯಂಜನಗಳಲ್ಲಿ ನಿಂತಿತ್ತು. ಇದನ್ನು ಬಿಡಿಸಲು ಘೋಷ್‌ಗೆ ನೆರವಾದವರು ನಮ್ಮ ಪ್ರೊ. ಬಿ. ಎ. ವಿವೇಕ ರೈ. ಅದು 'ಬೊಮ್ಮ'. ಅಂದಿನ ತುಳುನಾಡಿನ ಸಾಮಾನ್ಯ ಹೆಸರು. ಬೆರ್ಮೆರ್ ದೈವವನ್ನು ಇಂದಿಗೂ ನಂಬುವ ನೆಲದ ಹೆಸರು. ಕೇಂಬ್ರಿಜ್‌ನಲ್ಲಿ, ಜೆರುಸಲೇಮಿನಲ್ಲಿ ಪಂಡಿತರು ತಲೆ ಕೆರೆದುಕೊಂಡ ಹೆಸರಿಗೆ ಉತ್ತರ ಸಿಕ್ಕಿದ್ದು ಮಂಗಳೂರಿನಲ್ಲಿ.

ಮರಳಿ ಹೋದವನಿಗೆ ಊರು ಸಿಕ್ಕಲಿಲ್ಲ

1148ರಲ್ಲಿ ಸಿಸಿಲಿಯ ನಾರ್ಮನ್ ದೊರೆ ಎರಡನೇ ರೋಜರ್‌ನ ಸೈನ್ಯ ಮಹ್ದಿಯಾವನ್ನು ವಶಪಡಿಸಿಕೊಂಡಿತು. ಬೆನ್ ಯಿಜು ಮರುವರ್ಷ ಮಕ್ಕಳನ್ನು ಕರೆದುಕೊಂಡು ಏಡನ್‌ಗೆ ಹೊರಟ. 1149ರ ಸೆಪ್ಟೆಂಬರ್ 11ರಂದು ಅಲ್ಲಿಂದ ಸೋದರರಿಗೆ ಪತ್ರ ಬರೆದ. ನಾನು ಕ್ಷೇಮವಾಗಿ ಬಂದಿದ್ದೇನೆ, ಹಣವಿದೆ, ಮಕ್ಕಳಿದ್ದಾರೆ, ನೀವು ಬಂದು ಸೇರಿಕೊಳ್ಳಿ ಅನ್ನುವುದು ಅದರ ಸಾರ. ಪತ್ರ ಯಾರಿಗೆ ತಲುಪಬೇಕು? ಕುಟುಂಬ ಮಹ್ದಿಯಾ ಬಿಟ್ಟು ಸಿಸಿಲಿಗೆ ಓಡಿಯಾಗಿತ್ತು.

ಸೋದರ ಮುಬಶ್ಶಿರ್ ಅವನಿಗೆ ಹಣದಲ್ಲಿ ಮೋಸ ಮಾಡಿದ. ಮಗ ಸುರೂರ್ ತೀರಿಹೋದ. ಮಗಳನ್ನು ಏಡನ್‌ನ ಸಿರಿವಂತ ಮನೆತನ ಕೇಳಿತ್ತು. ಇವನು ಒಪ್ಪಲಿಲ್ಲ, ನನ್ನ ಸೋದರನ ಮಗನಿಗೇ ಕೊಡುತ್ತೇನೆ ಅಂದ. 1156ರಲ್ಲಿ ಈಜಿಪ್ಟ್‌ನಲ್ಲಿ ಆ ಮದುವೆ ಆಯಿತು. ವಧುವಿಗೆ ಕೊಟ್ಟ ಒಡವೆ ವಸ್ತ್ರದ ಪಟ್ಟಿಯೂ ಗೆನಿಜಾದಲ್ಲಿ ಉಳಿದಿದೆ. ಮಂಗಳೂರಿನ ಕರಾವಳಿಯಲ್ಲಿ ಹುಟ್ಟಿದ ಹುಡುಗಿ ನೈಲ್ ನದಿಯ ದಂಡೆಯಲ್ಲಿ ಸೊಸೆಯಾದಳು. ಅವಳ ತಾಯಿ ಆಶು ಎಲ್ಲಿ? ಏಡನ್‌ನ ಪತ್ರದಲ್ಲಿ ಇಲ್ಲ, ಮದುವೆಯ ಕಾಗದದಲ್ಲಿ ಇಲ್ಲ. ಇಲ್ಲೇ ಉಳಿದಳೆಂದು ಕಾಣುತ್ತದೆ.

ಹಣ ಮಾಡಲು ಹೋದವನು ಹಣ ಮಾಡಿದ. ಅಷ್ಟರಲ್ಲಿ ವಾಪಸ್ ಹೋಗುವ ಊರೇ ಇರಲಿಲ್ಲ. ಪರ್ಶಿಯನ್ ಕೊಲ್ಲಿಯಲ್ಲಿ ಮೂವತ್ತು ವರ್ಷ ದುಡಿದು ಬಂದ ನಮ್ಮ ಎಷ್ಟು ಮಂದಿಗೆ ಈ ಸಾಲು ಚುರ್ ಅನ್ನಿಸುತ್ತದೋ ಏನೋ.

ಹೋಗುವವರಿಗೆ: ಏನು ತಿನ್ನುತ್ತೀರಿ, ಏನು ನೋಡುತ್ತೀರಿ

ಈಗ ಬಾಯಿ ರುಚಿಗೆ ಬರೋಣ. ಟುನೀಷಿಯಾದ ಮುಖ್ಯ ಊಟ ಕುಸ್ಕುಸ್. ಗೋಧಿ ರವೆಗೆ ನೀರು ಚಿಮುಕಿಸಿ, ಕೈಯಲ್ಲಿ ಉಜ್ಜಿ ಸಣ್ಣ ಕಾಳು ಮಾಡುತ್ತಾರೆ. ಕೆಳಗಿನ ಪಾತ್ರೆಯಲ್ಲಿ ಸಾರು ಕುದಿಯುತ್ತದೆ, ಮೇಲಿನ ತೂತಿನ ಪಾತ್ರೆಯಲ್ಲಿ ಅದೇ ಹಬೆಗೆ ರವೆ ಬೇಯುತ್ತದೆ. ಇಡ್ಲಿ, ಪುಂಡಿ ಬೇಯಿಸುವ ಮನೆಯವರಿಗೆ ಹಬೆಯ ಮಹಿಮೆ ಹೇಳಬೇಕಾಗಿಲ್ಲ. ಕರಾವಳಿಯ ಊರುಗಳಲ್ಲಿ ಮೀನಿನ ಸಾರಿನ ಕುಸ್ಕುಸ್ ಸಿಗುತ್ತದೆ. 2020ರಲ್ಲಿ ಯುನೆಸ್ಕೋ ಇದನ್ನು ಟುನೀಷಿಯಾ, ಅಲ್ಜೀರಿಯಾ, ಮೊರಾಕೊ, ಮಾರಿಟೇನಿಯಾ ನಾಲ್ಕೂ ದೇಶಗಳ ಪರಂಪರೆ ಅಂತ ಒಟ್ಟಿಗೆ ಪಟ್ಟಿಗೆ ಸೇರಿಸಿತು. ಗಡಿ ವಿಷಯದಲ್ಲಿ ಜಗಳ ಆಡುವವರನ್ನು ತಟ್ಟೆ ಒಟ್ಟಿಗೆ ಕೂರಿಸಿತು!

ಖಾರ ಬೇಕಾದವರು ಹರೀಸಾ ಕೇಳಿ. ಒಣಮೆಣಸು, ಬೆಳ್ಳುಳ್ಳಿ, ಕೊತ್ತಂಬರಿ, ಶಾಜೀರಿಗೆ ಅರೆದು ಆಲಿವ್ ಎಣ್ಣೆ ಹಾಕಿದ ಚಟ್ನಿ. ನಮ್ಮ ಗಸಿಯ ಮಸಾಲೆಗೆ ದೂರದ ನೆಂಟ. ಒಂದು ಮಾತು ನೆನಪಿಡಿ: ಬೆನ್ ಯಿಜು ಹರೀಸಾ ತಿಂದವನಲ್ಲ, ಆಶು ಬ್ಯಾಡಗಿ ಮೆಣಸಿನ ಗಸಿ ಮಾಡಿದವಳಲ್ಲ. ಕೆಂಪು ಮೆಣಸು ಅಮೆರಿಕ ಖಂಡದ್ದು, ಎರಡೂ ಕಡೆಗೆ ಬಂದದ್ದು 1492ರ ನಂತರ. ಆ ಕಾಲದ ಖಾರ ಅಂದ್ರೆ ಒಳ್ಳೆಮೆಣಸು. ತುಳುವಿನಲ್ಲಿ ಇವತ್ತಿಗೂ ಅದು 'ಎಡ್ಡೆಮುಂಚಿ', ಒಳ್ಳೆಯ ಮೆಣಸು. ಹೊಸದು ಬಂದು ಮೆರೆದರೂ ಹಳೆಯದನ್ನು ಒಳ್ಳೆಯದು ಅಂತ ಭಾಷೆ ನೆನಪಿಟ್ಟುಕೊಂಡಿತು.

ಬೆಳಗಿನ ಹಸಿವಿಗೆ ಲಬ್ಲಾಬಿ ಉಂಟು. ತಂಗಳು ರೊಟ್ಟಿಯ ಚೂರುಗಳ ಮೇಲೆ ಬಿಸಿ ಕಾಬೂಲಿ ಕಡಲೆ ಸಾರು ಸುರಿದು ಕೊಡುತ್ತಾರೆ. ಗರಿಗರಿ ರೊಟ್ಟಿ ಮೇಲೆ ಕೋಳಿ ಸಾರು ಸುರಿದು ಮೆತ್ತಗಾಗಲು ಕಾಯುವ ಕೋರಿ ರೊಟ್ಟಿ ಪ್ರಿಯರಿಗೆ ಆ ವಿದ್ಯೆ ಗೊತ್ತೇ ಇದೆ. ತೆಳ್ಳಗಿನ ಹಾಳೆಯೊಳಗೆ ಮೊಟ್ಟೆ ಒಡೆದು ಕರಿಯುವ ಬ್ರೀಕ್, ಸುಟ್ಟ ಟೊಮೆಟೊ ಮೆಣಸಿನಕಾಯಿ ಜಜ್ಜಿದ ಮಶ್ವಿಯಾ, ಖರ್ಜೂರ ತುಂಬಿದ ರವೆಯ ಸಿಹಿ ಮಕ್ರೂದ್ ಬಿಡಬೇಡಿ. ಸಸ್ಯಾಹಾರಿಗಳು ಟ್ಯೂನಾ ಮೀನು ಬೇಡ ಅಂತ ಮೊದಲೇ ಹೇಳಿ, ಅದನ್ನು ಅವರು ಸಲಾಡ್ ಮೇಲೂ ಉದುರಿಸುತ್ತಾರೆ. ಟಾಜಿನ್ ಅಂತ ಕೇಳಿದರೆ ಮೊರಾಕೊದ ಹಾಗೆ ಸಾರು ಬರುವುದಿಲ್ಲ, ಮೊಟ್ಟೆ ಹಾಕಿ ಬೇಯಿಸಿದ ಗಟ್ಟಿ ತುಂಡು ಬರುತ್ತದೆ.

ಪರದೇಶದ ಊಟ ಎಲ್ಲರಿಗೂ ಒಗ್ಗುವುದಿಲ್ಲ ಬಿಡಿ. ಮೊರಾಕೊದ ಟಾಂಜಿಯರ್‌ನವನಾದ ಇಬ್ನ್ ಬತೂತಾ 1342ರ ಸುಮಾರಿಗೆ ನಮ್ಮ ಕರಾವಳಿಗೆ ಬಂದಿದ್ದ. ಹೊನ್ನಾವರದಲ್ಲಿ 11 ತಿಂಗಳು ರೊಟ್ಟಿಯ ಮುಖ ನೋಡದೆ ಬರೇ ಅನ್ನ ತಿಂದು ಸಾಕಾಗಿಹೋಯಿತು ಅಂತ ಬರೆದುಕೊಂಡ! ಅವನೇ ಮಂಗಳೂರಿಗೂ ಬಂದು, ಇಲ್ಲಿ ಪರ್ಷಿಯಾ, ಯೆಮನ್ ವ್ಯಾಪಾರಿಗಳು ಇಳಿಯುತ್ತಾರೆ, ಮೆಣಸು ಶುಂಠಿ ಧಾರಾಳ, ಸುಮಾರು 4,000 ಮುಸಲ್ಮಾನರು ವಾಸವಾಗಿದ್ದಾರೆ ಅಂತ ದಾಖಲಿಸಿದ. ಬೆನ್ ಯಿಜು ಹೋಗಿ 200 ವರ್ಷವಾದರೂ ಬಂದರಿನ ಬಾಗಿಲು ತೆರೆದೇ ಇತ್ತು.

ಮಂಗಳೂರಿನಿಂದ ಟುನಿಸ್‌ಗೆ ನೇರ ವಿಮಾನ ಇಲ್ಲ, ದುಬೈ ಮೂಲಕ ಹೋಗಬಹುದು. ಅಲ್ಲಿನ ದಿನಾರ್ ಹೊರಗೆ ತರುವಂತಿಲ್ಲ, ಬೇಕಾದಷ್ಟೇ ಬದಲಾಯಿಸಿಕೊಳ್ಳಿ. 2015ರಲ್ಲಿ ಬಾರ್ಡೋ ಮ್ಯೂಸಿಯಂ ಮತ್ತು ಸೂಸ್ ಕಡಲತೀರದಲ್ಲಿ ಉಗ್ರರ ದಾಳಿ ಆಗಿತ್ತು. ಆದ್ದರಿಂದ ಹೊರಡುವ ಮೊದಲು ವಿದೇಶಾಂಗ ಇಲಾಖೆಯ ಸೂಚನೆ ನೋಡಿಕೊಳ್ಳುವುದು ಒಳ್ಳೆಯದು. ಕಾರ್ಥೇಜಿನ ಅವಶೇಷ, ಎಲ್ ಜೆಮ್‌ನ ರೋಮನ್ ರಂಗಮಂಟಪ, ಕೈರವಾನಿನ ಮಸೀದಿ, ನೀಲಿ ಬಾಗಿಲುಗಳ ಸಿದಿ ಬೂ ಸಯೀದ್ ಎಲ್ಲ ನೋಡಿ. ಜೆರ್ಬಾ ದ್ವೀಪದಲ್ಲಿ ಇಂದಿಗೂ ಒಂದು ಸಣ್ಣ ಯಹೂದಿ ಸಮುದಾಯ ಬದುಕಿದೆ, ಅವರ ಅಲ್ ಗ್ರೀಬಾ ಮಂದಿರವೂ ಇದೆ. ಸಂಜೆ ಬೀದಿಯಲ್ಲಿ ಮಲ್ಲಿಗೆ ಮೊಗ್ಗನ್ನು ದಾರದಲ್ಲಿ ಬಿಗಿದು ಮಾರುತ್ತಾರೆ, ಗಂಡಸರು ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಶಂಕರಪುರ ಮಲ್ಲಿಗೆಯ ಜಿಲ್ಲೆಗಳಿಂದ ಹೋದ ನಮಗೆ ಬೇರೆ ಸ್ವಾಗತ ಬೇಕಾ?

ಮತ್ತೆ, ಮಹ್ದಿಯಾಗೆ ಹೋಗದೆ ಬರಬೇಡಿ. ಸೂಸ್‌ನಿಂದ ರೈಲು ಉಂಟು. ಸ್ಕೀಫಾ ಅಲ್ ಕಹ್ಲಾ ಎಂಬ ಕತ್ತಲೆ ಹೆಬ್ಬಾಗಿಲು ದಾಟಿ ಒಳಗೆ ನಡೆಯಿರಿ. ಮೀನುಗಾರರ ದಕ್ಕೆ, ಕೋಟೆ, ಕಡಲಿನ ಅಂಚಿನಲ್ಲಿ ಬಿಳಿ ಗೋರಿಗಳು. ಅಲ್ಲಿಂದ ಹೊರಟ ಒಬ್ಬ ಹುಡುಗ ನಮ್ಮ ಊರಿನಲ್ಲಿ ಬಾಳಿದ್ದ ಅನ್ನುವುದು ನೆನಪಿರಲಿ.

ಕೊನೆಗೆ ಒಂದು ಮಾತು

ಈ ಊರು ಯಾರದ್ದು, ಯಾರು ಮೂಲ, ಯಾರು ಬಂದವರು ಅಂತ ಮಂಗಳೂರಿನಲ್ಲಿ ಆಗಾಗ ಬಿಸಿ ಏರುತ್ತದೆ. ನಾವು ಚಾನೆಲ್‌ನವರು ಅದಕ್ಕೆ ಸೌದೆ ಒಟ್ಟುವುದೂ ಉಂಟು. ಬೆನ್ ಯಿಜುವಿನ ಕಾಗದಗಳು ಈ ಜಗಳಕ್ಕೆ ತೀರ್ಪು ಕೊಡುವುದಿಲ್ಲ. ಎಲ್ಲರೂ ಆಗ ಅಣ್ಣತಮ್ಮಂದಿರ ಹಾಗೆ ಇದ್ದರು ಅಂತಲೂ ಅವು ಹೇಳುವುದಿಲ್ಲ. ಅದೇ ಕಾಗದದಲ್ಲಿ ದಾಸಿಯೂ ಇದ್ದಾಳೆ, ಮೋಸವೂ ಇದೆ. ಅವು ಹೇಳುವುದು ಇಷ್ಟೇ: ಬಂದರು ಇರುವ ಊರಿಗೆ ಜನ ಬರುತ್ತಾರೆ, ಬಂದವರಿಂದಲೇ ಬಂದರು ಬಂದರಾಗುತ್ತದೆ. ಆಳುಪರ ಕಾಲದ ಮಂಗಳೂರಿಗೆ ಒಬ್ಬ ಹೊರಗಿನವನಿಗೆ ಜಾಗ ಕೊಟ್ಟು, ಅವನಿಂದ ಲಾಭವನ್ನೂ ಪಡೆಯುವಷ್ಟು ಧೈರ್ಯ ಇತ್ತು.

ಹಳೆ ಬಂದರಿನಲ್ಲಿ ಅವನ ಬಗ್ಗೆ ಒಂದು ಫಲಕವನ್ನೂ ನಾನು ನೋಡಿಲ್ಲ. ಗೆನಿಜಾದ ಪತ್ರಗಳ ಚಿತ್ರಗಳನ್ನು ಕೇಂಬ್ರಿಜ್ ಗ್ರಂಥಾಲಯ ಡಿಜಿಟಲ್ ಮಾಡಿ ಇಟ್ಟಿದೆ. ಅದರ ಎರಡು ಪ್ರತಿ ಮಾಡಿಸಿ, ಕನ್ನಡದಲ್ಲಿ, ತುಳುವಿನಲ್ಲಿ ನಾಲ್ಕು ಸಾಲು ಬರೆಸಿ ಬಿಜೈನ ಸರ್ಕಾರಿ ಮ್ಯೂಸಿಯಂನಲ್ಲಿ ಇಡಲು ಎಷ್ಟು ಖರ್ಚು ಬರುತ್ತೆ? ಒಂದು ಫ್ಲೆಕ್ಸ್ ಬ್ಯಾನರಿನ ಖರ್ಚು. ಇಟ್ಟರೆ, ಬೆನ್ ಯಿಜುವಿನ ಹೆಸರೊಂದನ್ನೇ ಬರೆಯಬೇಡಿ. ಅವನ ಹೆಸರು ಹೇಗೂ ಪುಸ್ತಕಗಳಲ್ಲಿ ಇದೆ. ಆಶು, ಬೊಮ್ಮ ಅಂತಲೂ ಬರೆಯಿರಿ. ಇಲ್ಲಿ ಹುಟ್ಟಿದವರ ಹೆಸರನ್ನು ಕೈರೋದ ಕೋಣೆ 900 ವರ್ಷ ಕಾಪಾಡಿದೆ. ನಾವು ಒಂದು ಗೋಡೆ ಕೊಡಬಹುದಲ್ಲ?